ನೀರು ನಿಂತ ಕೆಳಸೇತುವೆ, ಹಳೆಯ ಮಾರುತಿ 800

ದಾವಣಗೆರೆಯಲ್ಲಿ ಮಳೆ ಹೊಡೆದಾಗ ರೈಲ್ವೆ ಕೆಳಸೇತುವೆಯಲ್ಲಿ ನಿಲ್ಲುವ ನೀರನ್ನು, ಸೈಲೆನ್ಸರ್‌ಗೆ ನೀರು ನುಗ್ಗದಂತೆ, ಕಾರ್ಬೊರೇಟರ್ ಕಾಲದ ಮಾರುತಿ 800ರಲ್ಲಿ ದಾಟುವುದು ಹೇಗೆ ಎಂದು ಕೇಳಿದ್ದೀರಿ. ನನ್ನದೂ ಅದೇ ಊರು, ಅದೇ ಕಾರು.

ಸೈಲೆನ್ಸರ್ ಚಿಂತೆ ಬಿಡಿ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಹೊಗೆಯ ಒತ್ತಡವೇ ಆ ನೀರನ್ನು ಹೊರಗೆ ತಳ್ಳುತ್ತದೆ. ಕಂಟಕವಿರುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆ. ಬಿಸಿಲಿರುವಾಗಲೇ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯ ಮೂತಿ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಅದು ಸಿಲಿಂಡರ್ ಸೇರಿದರೆ ಪಿಸ್ಟನ್ ಮೇಲೇರಲಾಗದೆ, ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ನನ್ನ ಮಿತಿ ಅರ್ಧ ಅಡಿ. ಎರೆಮಣ್ಣು ಕಲಸಿದ ನೀರಿನಲ್ಲಿ ತಳ ಕಾಣುವುದಿಲ್ಲ, ಕೆಳಸೇತುವೆಯಲ್ಲಂತೂ ನಡುವೆಯೇ ಆಳ ಹೆಚ್ಚು. ಆದ್ದರಿಂದ ದಡದಲ್ಲಿ ನಿಂತು ಮುಂದೆ ಹೋಗುವ ಬೈಕನ್ನು ಗಮನಿಸಿ. ಅದರ ಚಕ್ರ ಕಾಲು ಭಾಗಕ್ಕಿಂತ ಹೆಚ್ಚು ಮುಳುಗಿತೆಂದರೆ ಸುತ್ತುದಾರಿ ಹಿಡಿಯಿರಿ. ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುತ್ತಿದ್ದರೆ ಈ ಲೆಕ್ಕವೂ ಬೇಡ, ಇಳಿಯಲೇಬೇಡಿ. ಹರಿಯುವ ನೀರು ಒಂದಡಿಯಿದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು.

ಇಳಿಯುವುದೇ ಆದರೆ ಒಂದನೇ ಗೇರ್, ನಡಿಗೆಯ ವೇಗ. ನಡುವೆ ಗೇರ್ ಬದಲಿಸಬೇಡಿ, ಎಕ್ಸಲರೇಟರ್‌ನಿಂದ ಕಾಲು ತೆಗೆಯಬೇಡಿ. ಎದುರಿನಿಂದ ಬಸ್ಸು ಬರುತ್ತಿದ್ದರೆ ಅದು ಪೂರ್ತಿ ದಾಟುವವರೆಗೆ ಕಾಯಿರಿ. ಬಸ್ಸಿನ ಚಕ್ರ ಎಬ್ಬಿಸುವ ಅಲೆ ನಮ್ಮ ಬಾನೆಟ್ಟಿನವರೆಗೂ ಬರುತ್ತದೆ. ಹಿಂದಿನವರು ಹಾರ್ನ್ ಬಡಿಯುತ್ತಾರೆ, ಬಡಿಯಲಿ.

ನಡುನೀರಿನಲ್ಲಿ ಎಂಜಿನ್ ನಿಂತರೆ ಕೀಲಿ ತಿರುಗಿಸಬೇಡಿ, ತಳ್ಳಿಸಿ ಹೊರಗೆ ತನ್ನಿ. ಎಷ್ಟೋ ಎಂಜಿನ್‌ಗಳು ಕೆಡುವುದು ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದರಿಂದ. ಹೊರಗೆ ಬಂದ ಮೇಲೆ ಏರ್ ಫಿಲ್ಟರ್ ಮುಟ್ಟಿ ನೋಡಿ. ಅದು ಒಣಗಿದ್ದರೆ ನೆನೆದಿರುವುದು ಬಹುಶಃ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಮುಚ್ಚಳ ಬಿಚ್ಚಿ, ಅದರ ಒಳಭಾಗವನ್ನೂ ಪ್ಲಗ್ ವೈರ್‌ಗಳನ್ನೂ ಒಣಬಟ್ಟೆಯಿಂದ ಒರೆಸಿದರೆ ಸ್ಟಾರ್ಟ್ ಆಗಬಹುದು. ಫಿಲ್ಟರ್ ಒದ್ದೆಯಾಗಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರ್‌ನ ನೀರು ತೆಗೆಯಬೇಕು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದಾಗ ಆಯಿಲ್ ಬೆಳ್ಳಗೆ ಕದಡಿದ್ದರೂ ಅಷ್ಟೇ, ಚಾಲೂ ಮಾಡಬಾರದು. ಹಳೆಯ ಕಾರಿಗೆ ನಮ್ಮಲ್ಲಿ ಎಷ್ಟೋ ಮಂದಿ ಮಾಡಿಸುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದರಿಂದ ನಿಮ್ಮ ಎಂಜಿನ್‌ಗೆ ಬಿಡಿಗಾಸೂ ಹುಟ್ಟದು.

ಸುಸೂತ್ರವಾಗಿ ದಾಟಿದರೂ ನೆನೆದ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ನಿಧಾನವಾಗಿ ಚಲಿಸುತ್ತಾ ಪೆಡಲ್ಲನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿ. ಮನೆಗೆ ಹೋದ ಮೇಲೆ ಕಾಲಡಿಯ ಮ್ಯಾಟ್ ಎತ್ತಿ ಅದರಡಿಯನ್ನೂ ಒರೆಸಿ. ಈ ಕಾರುಗಳಿಗೆ ತುಕ್ಕು ಅಲ್ಲಿಂದಲೇ ಹತ್ತುತ್ತದೆ.