ಫಿಟ್ಟಿಂಗ್ ತೆಗೆಯೋದಿಲ್ಲ, ಅಕ್ಕೋರೇ

ಕುಮಟಾದ ನಿವೃತ್ತ ಶಾಲಾ ಅಕ್ಕೋರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ ಕತೆಯಲ್ಲಿ “ಹೆಡ್‌ಮಾಸ್ತರ ಹತ್ರ ಫಿಟ್ಟಿಂಗ್ ಇಟ್ಟ” ಎಂದಿದೆ. ಚಾಡಿ ಎಂಬ ಶುದ್ಧ ಕನ್ನಡ ಪದ ಇರುವಾಗ ಈ ಬೀದಿ ಮಾತು ಯಾಕೆ? ಮಕ್ಕಳೂ ಓದುತ್ತಾರೆ.’

ಅಕ್ಕೋರೇ, ಮಕ್ಕಳ ಮೇಲಿನ ನಿಮ್ಮ ಕಾಳಜಿ ದೊಡ್ಡದು, ಒಪ್ಪಿದೆ. ಪದ ಮಾತ್ರ ತೆಗೆಯೋದಿಲ್ಲ.

ಚಾಡಿಯನ್ನೇ ನೋಡಿ. ಮರಾಠಿಯವರು ಚಹಾಡಿ ಅನ್ನುತ್ತಾರೆ. ಕಾರವಾರದ ಕೊಂಕಣಿಯಲ್ಲೂ ಚಾಡಿಯೇ. ಘಟ್ಟ ಹತ್ತಿ ಹಳಿಯಾಳದ ಕಡೆ ಹೋದರೆ ಚುಗಲಿ, ಅದು ಉರ್ದುವಿನಿಂದ ಬಂದದ್ದು. ಹಳಗನ್ನಡವೇ ಬೇಕೆಂದರೆ ಕೊಂಡೆಯ ಇದೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ‘ಅವ ನನ್ನ ಮೇಲೆ ಕೊಂಡೆಯ ಹೇಳಿದ’ ಎಂದು ನೋಡಿ, ಯಾರಾದರೂ ತಿರುಗಿ ನೋಡ್ತಾರಾ?

ಮತ್ತೆ, ಇವೆಲ್ಲ ಒಂದೇ ಅಲ್ಲ. ಚಾಡಿ ಹೇಳುವವನು ಹೇಳಿ ಮುಗಿಸುತ್ತಾನೆ. ಕಿವಿ ಊದುವವನಿಗೆ ದಿನಾ ಅದೇ ಕೆಲಸ. ಬತ್ತಿ ಇಡುವವನು ಇಟ್ಟು, ಮನೆಗೆ ಹೋಗಿ ಗಂಜಿ ಉಣ್ಣುತ್ತಾನೆ. ಹೊತ್ತಿಕೊಳ್ಳುವುದು ಆಮೇಲೆ. ಫಿಟ್ಟಿಂಗ್ ಅಂದರೆ ಇಬ್ಬರ ನಡುವೆ ಲೆಕ್ಕ ಹಾಕಿ ತಂದಿಡುವುದು. ಯಕ್ಷಗಾನದ ನಾರದ ಮಾಡುವುದು ಇದನ್ನೇ ಅಲ್ವಾ? ಅವನಿಗೆ ಚಾಡಿಕೋರ ಎಂದರೆ ಬೇಜಾರಾದೀತು.

ಅಂಕೋಲೆ ಕಡೆಯ ನಮ್ಮ ಶಾಲೆಯಲ್ಲಿ ನಾನೇ ಮಾನಿಟರ್. ಮಾಸ್ತರು ಚಾ ಕುಡಿಯಲು ಹೋದರೆ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯಬೇಕು. ಎರಡು ಮುರುಗಲು ಹಣ್ಣು ಕೊಟ್ಟವನ ಹೆಸರು ಒರೆಸಿ ಹಾಕುತ್ತಿದ್ದೆ. ಹುಡುಗರು ನನಗೆ ಇಟ್ಟ ಹೆಸರುಗಳನ್ನು ಇಲ್ಲಿ ಅಚ್ಚು ಮಾಡಿದರೆ ನೀವು ಚಂದಾ ನಿಲ್ಲಿಸುತ್ತೀರಿ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟ ಮಾಸ್ತರಿಗೆ ಮಾತ್ರ ಒಂದು ಹೆಸರೂ ಇರಲಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಬೈಗುಳವೆಲ್ಲ ಬಾಯಿಗೆ. ಕೇಳುವವನಿಗೆ ಹುಡುಕಿದರೆ ‘ಹಿತ್ತಾಳೆ ಕಿವಿ’ ಒಂದೇ ಸಿಗುತ್ತದೆ. ನಿಜ ಹೇಳಿದವನಿಗಂತೂ ಪದವೇ ಇಲ್ಲ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಇಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಚೇರಿಗೆ ಬರೆದರು. ಹೆಸರು ಗುಟ್ಟಾಗಿಡಿ ಎಂದೂ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅಂಥವರನ್ನು ಕಾಯುವ ಕಾಯ್ದೆ ಪಾಸಾದದ್ದು 2014ರಲ್ಲಿ. ಆಮೇಲೂ ವರ್ಷಗಟ್ಟಲೆ ಅದನ್ನು ಜಾರಿ ಮಾಡಲು ಯಾರಿಗೂ ಪುರಸೊತ್ತಾಗಲಿಲ್ಲ. ನಮ್ಮೂರ ಆಫೀಸಿನಲ್ಲಿ ದುಬೆ ಇದ್ದಿದ್ದರೆ ಅವರನ್ನೂ ‘ಕಂಪ್ಲೇಂಟ್ ಗಿರಾಕಿ’ ಅನ್ನುತ್ತಿದ್ದೆವು.

ಇರಲಿ. ನೀವು ಪಾಠ ಮಾಡುವಾಗ ಬೋರ್ಡಿನ ಮೇಲೆ ಹೆಸರು ಬರೆಸುತ್ತಿದ್ದಿರಾ, ಅಕ್ಕೋರೇ? ಮುಂದಿನ ಪತ್ರದಲ್ಲಿ ಅದನ್ನೂ ಬರೆಯಿರಿ.