ಮೂರು ಹೆಡ್‌ಸೆಟ್, ಒಂದು ಕುರ್ಚಿ ಗಾಲಿ

ಪತ್ರ: ನಮಗೆ ಇಬ್ಬರು ಮಕ್ಕಳು. ಮಗಳಿಗೆ 8, ಮಗನಿಗೆ 12. ಒಂದೇ ವರ್ಷದಲ್ಲಿ ಮೂರು ಗೇಮಿಂಗ್ ಹೆಡ್‌ಸೆಟ್ ಹಾಳಾದವು. ಒಂದರಲ್ಲಿ ಎಡಕಿವಿ ಕೇಳಿಸುವುದಿಲ್ಲ, ಇನ್ನೊಂದರ ತಲೆಪಟ್ಟಿ ಮುರಿದಿದೆ, ಮೂರನೆಯದರ ಮೈಕ್ ಸತ್ತಿದೆ. ವೈರೇ ಇಲ್ಲದಿದ್ದರೆ ತುಂಡಾಗೋದೆಲ್ಲಿ, ವೈರ್‌ಲೆಸ್ ತಗೋ ಅಂತ ನಮ್ಮ ಮನೆಯವರ ವಾದ. ಲೋಹದ್ದು ಗಟ್ಟಿ ಇರುತ್ತೆ ಅಂತ ನನ್ನ ಲೆಕ್ಕ. ಮಕ್ಕಳ ಕೈಗೆ ಬಾಳಿಕೆ ಬರುವಂಥದ್ದು ಯಾವುದು? — ಒಬ್ಬ ಓದುಗರು

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯ ಕಪಾಟಿನಲ್ಲೂ ಇಂಥವೇ ಎರಡು ಬಿದ್ದಿವೆ. ಪತ್ರ ಬಂದ ಸಂಜೆ ಅದರಲ್ಲೊಂದನ್ನು ಹೊರಗೆ ತೆಗೆದೆ. ಅದರದ್ದೂ ಎಡಕಿವಿಯೇ ಹೋಗಿತ್ತು. ಹಾಡು ಹಾಕಿಕೊಂಡು, ಪಿನ್ನಿನ ಕಡೆಯಿಂದ ವೈರನ್ನು ಇಂಚಿಂಚೇ ಬಾಗಿಸುತ್ತಾ ಬಂದೆ. ಅರ್ಧ ದಾರಿಯಲ್ಲಿ ಎಡಕಿವಿ ಒಮ್ಮೆ ಕರ್ ಅಂತು. ಹಾಡು ಬಂತು, ಹೋಯಿತು. ಅಲ್ಲಿ ರಬ್ಬರ್ ಹೊದಿಕೆ ಚಪ್ಪಟೆಯಾಗಿತ್ತು. ಬ್ಲೇಡಿನಲ್ಲಿ ಸೀಳಿದರೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಗಳು, ಒಂದು ಬಣ್ಣದವೆಲ್ಲ ತುಂಡು. ಮಗನನ್ನು ಕರೆದು ತೋರಿಸಿದೆ. "ವೈರ್ ಮೇಲೆ ಕುರ್ಚಿ ಗಾಲಿ ಹತ್ತಿರಬೇಕು ಅಪ್ಪಾ" ಅಂದ. ಹತ್ತಿರಬೇಕೇನು, ದಿನಾ ಹತ್ತಿದೆ.

ಒಳಗಿನ ಸ್ಪೀಕರ್ ಮಾತ್ರ ಹೊಸದರ ಹಾಗೇ ಇತ್ತು. ಇದನ್ನೇ ನಿಮಗೆ ಹೇಳಬೇಕು ಅಂದುಕೊಂಡೆ. ಹೆಡ್‌ಸೆಟ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಭಾಗ ಸಾಮಾನ್ಯವಾಗಿ ಸಾಯುವುದೇ ಇಲ್ಲ. ಸಾಯುವುದು ವೈರು, ತಲೆಪಟ್ಟಿಯ ಕೀಲು, ಕಿವಿಯ ಮೆತ್ತೆ. ಹಾಗಾಗಿ "ಎಷ್ಟು ಗಟ್ಟಿ" ಅಂತ ಕೇಳುವ ಮೊದಲು "ಇದರಲ್ಲಿ ಯಾವುದನ್ನು ಬಿಚ್ಚಿ ಬೇರೆ ಹಾಕಬಹುದು" ಅಂತ ಕೇಳಿ. ಮಕ್ಕಳು ಮುರಿದೇ ಮುರಿಯುತ್ತಾರೆ. ಮುರಿದದ್ದು ಬರೀ ವೈರಾಗಿದ್ದರೆ ಯಾರೂ ಅಳಬೇಕಿಲ್ಲ, ಅಲ್ವಾ?

ಆದ್ದರಿಂದ ನನ್ನ ಮೊದಲ ಷರತ್ತು, ಕೇಬಲ್ ಹೆಡ್‌ಸೆಟ್‌ನಿಂದ ಪೂರ್ತಿ ಕಳಚಿ ಬರಬೇಕು. ಕಾಲಿಗೆ ತೊಡರಿದರೆ ಪಿನ್ನು ಸುಮ್ನೆ ಕಿತ್ತು ಬರುತ್ತದೆ. ಎಳೆತವೆಲ್ಲ ಒಳಗಿನ ಬೆಸುಗೆಯ ಮೇಲೆ ಬೀಳುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ತೂತು ಸಡಿಲವಾಗುವ ಭಯವೂ ಕಡಿಮೆ. ಕೊಳ್ಳುವಾಗ ಕೇಬಲ್ಲಿನ ಎರಡೂ ತುದಿ ನೋಡಿ. ಎರಡೂ ಕಡೆ ಮಾಮೂಲಿ 3.5 ಮಿಲಿಮೀಟರ್ ಪಿನ್ನಿದ್ದರೆ ಬೇರೆ ಕೇಬಲ್ ಎಲ್ಲಾದರೂ ಸಿಗುತ್ತದೆ. ಕೆಲವು ಕಂಪನಿಗಳು ಹೆಡ್‌ಸೆಟ್ ಕಡೆಯ ತೂತಿಗೆ ತಮ್ಮದೇ ವಿಚಿತ್ರ ಆಕಾರ ಕೊಟ್ಟಿರುತ್ತವೆ. ಆಗ ಅವರ ಕೇಬಲ್ಲೇ ಗತಿ.

ಇನ್ನು ಲೋಹದ ವಿಷಯ. ನಿಮ್ಮ ಲೆಕ್ಕ ಅರ್ಧ ಸರಿ. ಪಟ್ಟಿ ಉಕ್ಕಿನದ್ದಾದರೆ ಒಳ್ಳೆಯದೇ. ಆದರೆ ಪಟ್ಟಿ ನಡುವೆ ಮುರಿಯುವುದು ಕಡಿಮೆ. ಉದ್ದ ಮಾಡಲು ಎಳೆಯುವ ಜಾಗದಲ್ಲಿ, ಇಲ್ಲವೇ ಕಿವಿ ಮುಚ್ಚುವ ಕಪ್ ಹಿಡಿದಿರುವ ಕವೆಯಲ್ಲಿ ಮುರಿಯುತ್ತದೆ. ಎಷ್ಟೋ ಹೆಡ್‌ಸೆಟ್‌ಗಳಲ್ಲಿ ಮೇಲೆ ಫಳಫಳ ಲೋಹ, ಆ ಕವೆ ಮಾತ್ರ ಪ್ಲಾಸ್ಟಿಕ್. ಕೈಗೆ ತಗೊಂಡು ಪಟ್ಟಿಯನ್ನು ಪೂರ್ತಿ ಉದ್ದಕ್ಕೆ ಎಳೆಯಿರಿ. ಒಳಗಿಂದ ಲೋಹದ ಪಟ್ಟಿ ಹೊರಬಂದರೆ ಸರಿ, ಪ್ಲಾಸ್ಟಿಕ್ ನಾಲಗೆ ಬಂದರೆ ಕೆಳಗಿಟ್ಟುಬಿಡಿ. ಎರಡೂ ಕಪ್ ಹಿಡಿದು ನಿಧಾನ ಅಗಲಿಸಿ, ಒಂಚೂರು ತಿರುಚಿ. ಕಟಕಟ ಸದ್ದು ಬರಬಾರದು. ಅಂಗಡಿಯವರು ಮುಖ ಗಂಟು ಹಾಕಬಹುದು, ಹಾಕಲಿ. ನಿಮ್ಮ ಮಗ ಇದಕ್ಕಿಂತ ಜಾಸ್ತಿ ತಿರುಚುತ್ತಾನೆ. ಮಕ್ಕಳು ಒಂದು ಕಪ್ ಹಿಡಿದು ಒಂದೇ ಕೈಯಲ್ಲಿ ಕಿತ್ತು ತೆಗೆಯುತ್ತಾರೆ ನೋಡಿ, ಪಟ್ಟಿಗೆ ಅದರಷ್ಟು ಕೆಟ್ಟ ಏಟು ಬೇರೆ ಇಲ್ಲ.

ಮಗಳಿಗೆ ಅಣ್ಣನ ಅಳತೆಯದ್ದು ಬೇಡ. ತೀರಾ ಚಿಕ್ಕದು ಮಾಡಿದ ಮೇಲೂ ಜಾರುವ ಹೆಡ್‌ಸೆಟ್ ದಿನಕ್ಕೆ ನಾಲ್ಕು ಸಲ ನೆಲಕ್ಕೆ ಬೀಳುತ್ತದೆ. ತೂಕ 250 ಗ್ರಾಂ ಒಳಗಿದ್ದರೆ ಆ ವಯಸ್ಸಿನ ಕುತ್ತಿಗೆಗೆ ಹಿತ.

ಮೆತ್ತೆಯ ಬಗ್ಗೆ ಜಾಸ್ತಿ ಹೇಳಲ್ಲ. ರೆಕ್ಸಿನ್ ಥರದ್ದು ಬೆವರಿಗೆ ಸಿಪ್ಪೆ ಏಳುತ್ತದೆ, ಕರಿ ಚೂರು ಕಿವಿಗೆಲ್ಲ ಅಂಟುತ್ತದೆ. ಬಟ್ಟೆಯದ್ದು ಹೆಚ್ಚು ಬಾಳುತ್ತದೆ. ಯಾವುದೇ ಆಗಲಿ, ಬಿಡಿಯಾಗಿ ಸಿಗುತ್ತದಾ ಕೇಳಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು, ಸ್ಯಾನಿಟೈಸರ್ ಹಚ್ಚಿದರೆ ರೆಕ್ಸಿನ್ ಇನ್ನೂ ಬೇಗ ಹೋಗುತ್ತದೆ.

ಈಗ ನಿಮ್ಮ ಮನೆಯವರ ವಾದ. ವೈರ್ ಇಲ್ಲದಿದ್ದರೆ ವೈರ್ ತುಂಡಾಗಲ್ಲ, ನಿಜ. ಆದರೆ ಬ್ಯಾಟರಿ ಬಂದು ಕೂರುತ್ತದೆ. ಲಿಥಿಯಂ ಬ್ಯಾಟರಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ಸೊರಗಲು ಶುರುವಾಗುತ್ತದೆ. ಬಹಳಷ್ಟು ಹೆಡ್‌ಸೆಟ್‌ಗಳಲ್ಲಿ ಅದನ್ನು ನಾವೇ ಬದಲಾಯಿಸಲು ಆಗುವುದಿಲ್ಲ. ಬ್ಲೂಟೂತ್‌ನದ್ದಂತೂ ಆಟಕ್ಕೆ ಬೇಡವೇ ಬೇಡ. ಗುಂಡು ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತದೆ, ಮೈಕ್ ಆನ್ ಮಾಡಿದರೆ ಧ್ವನಿ ಹಳೇ ಫೋನಿನ ಹಾಗೆ ಆಗಿಬಿಡುತ್ತದೆ. ಆಟದ ಯಂತ್ರಗಳಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಮಾಮೂಲಿ ಬ್ಲೂಟೂತ್ ಹೆಡ್‌ಸೆಟ್ಟನ್ನು ನೇರವಾಗಿ ಒಪ್ಪುವುದೇ ಇಲ್ಲ. ನಿಂಟೆಂಡೊ ಸ್ವಿಚ್ 2021ರಿಂದ ಒಪ್ಪುತ್ತದೆ, ಅದರ ಮೈಕ್ ಮಾತ್ರ ನಡೆಯುವುದಿಲ್ಲ. ಯುಎಸ್‌ಬಿ ಡಾಂಗಲ್ (ಆಟದ ಯಂತ್ರಕ್ಕೆ ಚುಚ್ಚುವ ಪುಟ್ಟ ತುಂಡು) ಜೊತೆ ಬರುವ 2.4 ಗಿಗಾಹರ್ಟ್ಜ್ ವೈರ್‌ಲೆಸ್‌ನಲ್ಲಿ ಈ ತಡ ಗೊತ್ತಾಗುವುದಿಲ್ಲ. ಹನ್ನೆರಡರ ಮಗ ಮರೆಯದೆ ಚಾರ್ಜ್‌ಗೆ ಹಾಕುತ್ತಾನೆ, ಉಗುರಿನಷ್ಟಿರುವ ಆ ಡಾಂಗಲ್ ಕಳೆಯುವುದಿಲ್ಲ ಅಂತ ನಂಬಿಕೆ ಇದ್ದರೆ ಅದನ್ನು ಕೊಡಿಸಿ. ಎಂಟರ ಮಗಳಿಗೆ ಕಳಚುವ ವೈರಿನದ್ದೇ ಸಾಕು.

ನೀವು ಕೇಳದೆ ಬಿಟ್ಟ ಒಂದು ಮಾತಿದೆ. ಅದು ಶಬ್ದ. ಹೆಡ್‌ಸೆಟ್ ಹೋದರೆ ಇನ್ನೊಂದು ಬರುತ್ತದೆ, ಕಿವಿ ಬರಲ್ಲ. ಮಕ್ಕಳ ಹೆಡ್‌ಸೆಟ್ ಡಬ್ಬಿಯ ಮೇಲೆ "ಗರಿಷ್ಠ 85 ಡೆಸಿಬೆಲ್, ಸುರಕ್ಷಿತ" ಅಂತ ಬರೆದಿರುತ್ತಾರೆ. ಈ 85 ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆ ದುಡಿಯುವ ದೊಡ್ಡವರಿಗಾಗಿ ಬಂದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ ತಂದ ಮಾನದಂಡದಲ್ಲಿ ಮಕ್ಕಳಿಗೆ ಹೇಳಿರುವುದು 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 78ರಲ್ಲಿ 20 ಗಂಟೆ, 81ರಲ್ಲಿ 10, 84ರಲ್ಲಿ 5. ಡಬ್ಬಿಯ ಮೇಲಿನ 85ಕ್ಕೆ ಬಂದರೆ ವಾರಕ್ಕೆ ಸುಮಾರು 4 ಗಂಟೆ. ಒಂದು ಭಾನುವಾರದ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ!

ಕೇಬಲ್ ಬದಲಾಯಿಸಿ ಅಂತ ಹೇಳಿದೆನಲ್ಲ, ಅಲ್ಲೊಂದು ಎಚ್ಚರಿಕೆ. ಕೆಲವು ಮಕ್ಕಳ ಹೆಡ್‌ಸೆಟ್‌ಗಳಲ್ಲಿ ಶಬ್ದಕ್ಕೆ ಮಿತಿ ಹಾಕುವ ಭಾಗ ಕೇಬಲ್ಲಿನೊಳಗೇ ಇರುತ್ತದೆ. ಬೇರೆ ಕೇಬಲ್ ಹಾಕಿದಿರೋ, ಮಿತಿ ಹೋಯಿತು. ಮಗಳದ್ದು ಅಂಥದ್ದಾದರೆ ಅದೇ ಕಂಪನಿಯ ಕೇಬಲ್ಲೇ ತರಿಸಿ. ಆಟದ ಯಂತ್ರದಲ್ಲೂ ಶಬ್ದ ತಗ್ಗಿಸಿ ಇಡಿ. ಮಕ್ಕಳು ಆಡುವಾಗ ಕಿರುಚುವುದು ಯಾಕೆ ಗೊತ್ತಾ? ಕಿವಿ ಮುಚ್ಚಿರುವುದರಿಂದ ಅವರ ಧ್ವನಿ ಅವರಿಗೇ ಕೇಳುವುದಿಲ್ಲ. ಕೆಲವು ಹೆಡ್‌ಸೆಟ್‌ಗಳು ಅವರ ಮಾತನ್ನೇ ಮೆಲ್ಲಗೆ ಅವರ ಕಿವಿಗೆ ಕೇಳಿಸುತ್ತವೆ, ಅದಕ್ಕೆ ಸೈಡ್‌ಟೋನ್ ಅಂತಾರೆ. ಅದೊಂದು ಇದ್ದರೆ ಮನೆ ಅರ್ಧ ತಣ್ಣಗಾಗುತ್ತದೆ. ಬಣ್ಣದ ದೀಪ, ಸುತ್ತಲಿಂದ ಸದ್ದು ಬಂದ ಹಾಗೆ ಕೇಳಿಸುವ 7.1 ಸರೌಂಡ್ ಇವಕ್ಕೆಲ್ಲ ದುಡ್ಡು ಸುರಿಯಬೇಡಿ.

ಹೊಸದು ತರುವ ಮೊದಲು ಹಳೆಯವನ್ನು ಒಮ್ಮೆ ನೋಡಿ. ಮೈಕ್ ಸತ್ತಿದ್ದರಲ್ಲಿ ವೈರಿನ ಮೇಲಿನ ಮ್ಯೂಟ್ ಗುಂಡಿ ಒತ್ತಿಹೋಗಿದೆಯಾ? ಮೈಕ್ ಕಳಚುವಂಥದ್ದಾದರೆ ಅರ್ಧ ಹೊರಬಂದಿದೆಯಾ? ಮಧ್ಯೆ ಎಕ್ಸ್‌ಟೆನ್ಷನ್ ವೈರ್ ಹಾಕಿದ್ದರೆ ಅದರ ಪಿನ್ನಿನಲ್ಲಿ ಎಷ್ಟು ಕಪ್ಪು ಗೆರೆ ಇದೆ ಎಣಿಸಿ. ಮೂರಿದ್ದರೆ ಮೈಕಿಗೂ ದಾರಿ ಇದೆ. ಎರಡೇ ಇದ್ದರೆ ಹೆಡ್‌ಸೆಟ್‌ನದ್ದು ತಪ್ಪಿಲ್ಲ. ಎಡಕಿವಿಯದ್ದಕ್ಕೆ ನಾನು ಮಾಡಿದ ಹಾಗೆ ವೈರು ಬಾಗಿಸಿ ನೋಡಿ. ತುಂಡಾದ ಜಾಗ ಸಿಕ್ಕರೆ ಸೋಲ್ಡರ್ ಮಾಡುವವರಿಗೆ ಕೊಡಿ. ಆ ಎಳೆಗಳ ಮೇಲೆ ತೆಳ್ಳಗೆ ವಾರ್ನಿಷ್ ಇರುತ್ತದೆ, ಅದನ್ನು ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಅದು ಗೊತ್ತಿಲ್ಲದೆ ನಾನು ಮೊದಲ ಸಲ ಅರ್ಧ ಗಂಟೆ ಒದ್ದಾಡಿದೆ. ಈಗ ಎರಡೂ ಕಿವಿ ಹಾಡುತ್ತಿವೆ. ವೈರನ್ನು ಮೇಜಿನ ಅಂಚಿಗೆ ಕ್ಲಿಪ್ ಹಾಕಿ ಕೂರಿಸಿದ್ದೇನೆ, ಕುರ್ಚಿ ಗಾಲಿಗೆ ಎಟುಕದ ಹಾಗೆ. ಮಗ ಕ್ಲಿಪ್ಪನ್ನು ಎರಡು ಸಲ ಕಿತ್ತಿದ್ದಾನೆ, ವೈರನ್ನು ಇನ್ನೂ ಇಲ್ಲ.