ಬಿಎಂಡಬ್ಲ್ಯೂ ಜೆಡ್4ನಲ್ಲಿ ಕೆಂಪು ಟೆಂಪರೇಚರ್ ಲೈಟ್: ಥರ್ಮೋಸ್ಟಾಟ್ ತೆಗೆಸಬೇಡಿ, ಮೊದಲು ಪಂಪ್ ನೋಡಿ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕಾಗಲಿಲ್ಲ. ಬಂಕಾಪುರ ಟೋಲ್ ದಾಟಿದ ಮೇಲೆ ಹಳದಿ ಲೈಟ್ ಬಂತು, ಆಮೇಲೆ ಕೆಂಪಾಯಿತು, ಅರ್ಧ ತಾಸು ನಿಲ್ಲಿಸಿ ಕುಡಿಯೋ ನೀರಿನ ಬಾಟಲಿ ಸುರಿದು ಹುಬ್ಬಳ್ಳಿ ತನಕ ಓಡಿಸಿಕೊಂಡು ಬಂದೆ ಅಂತ ಬರೆದಿದ್ದೀರಿ. ಈಗ ಕಾರು ಆರಾಮಾಗಿದೆ, ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ತಣಿಸುವ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್) ತೆಗೆದುಬಿಡೋಣ ಅಂತಿದ್ದಾರೆ, ಶನಿವಾರ ಗೋವಾಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬೇಡಿ. ಗೋಕುಲ ರೋಡಿನ ತನಕವೂ ಬೇಡ.

ನಿಮ್ಮದು ಇ89 35ಐ, ಅಂದರೆ ಎರಡನೇ ತಲೆಮಾರಿನ ಜೆಡ್4, ಆರು ಸಿಲಿಂಡರಿನ ಎನ್54 ಟರ್ಬೊ ಎಂಜಿನ್. ಇದರ ವಾಟರ್ ಪಂಪ್ ಬೆಲ್ಟ್ ಮೇಲೆ ತಿರುಗೋದಲ್ಲ, ಕರೆಂಟಿನದು. ಬೆಲ್ಟಿನ ಪಂಪ್ ಆದರೆ ಸೋರುತ್ತದೆ, ಕಿರ್ ಅನ್ನುತ್ತದೆ, ಮುಂಚೆಯೇ ಗೊತ್ತಾಗುತ್ತದೆ. ಇದು ಹಾಗಲ್ಲ. ಒಳಗಿನ ಸರ್ಕ್ಯೂಟ್ ಹೋದರೆ ನಿಂತುಬಿಡುತ್ತದೆ, ತಣ್ಣಗಾದ ಮೇಲೆ ಎಷ್ಟೋ ಸಲ ಮತ್ತೆ ತಿರುಗುತ್ತದೆ. ನಿಮ್ಮ ಕಾರು ಈಗ ಆರಾಮಾಗಿರೋದು ಅದಕ್ಕೇ ಇರಬಹುದು. ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಈ ಪಂಪ್ ಕೈಕೊಡುವುದು ಈ ಎಂಜಿನ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಮೊದಲು ಸ್ಕ್ಯಾನ್ ಮಾಡಿಸಿ, ಅದೂ ಬಿಎಂಡಬ್ಲ್ಯೂನ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ. 2ಇ81, 2ಇ82 ಇದ್ದರೆ ಪಂಪ್‌ ಕಡೆಯೇ ಕೈ ತೋರಿಸುತ್ತಿದೆ. ಕೋಡ್ ಅಳಿಸೋ ಮುಂಚೆ ಫೋಟೊ ತೆಗೆದುಕೊಳ್ಳಿ.

ಥರ್ಮೋಸ್ಟಾಟ್ ತೆಗೆದರೆ ಏನೂ ಉಪಯೋಗವಿಲ್ಲ. ನೀರನ್ನು ತಳ್ಳುವವರೇ ಇಲ್ಲದಾಗ ದಾರಿ ತೆರೆದಿಟ್ಟು ಏನು ಮಾಡುತ್ತೀರಿ? ಮೇಲಾಗಿ ಈ ಥರ್ಮೋಸ್ಟಾಟ್‌ಗೂ ವೈರಿಂಗ್ ಇದೆ, ಅದನ್ನು ಆಡಿಸೋದು ಎಂಜಿನ್ ಕಂಪ್ಯೂಟರ್. ತೆಗೆದರೆ ಇನ್ನೊಂದು ಕೋಡ್ ಬಂದು ಕೂರುತ್ತದೆ. ಅಂಬಾಸಿಡರ್ ಕಾಲದ ಉಪಾಯ ಇದಕ್ಕೆ ಬೇಡ.

ಇಷ್ಟು ಖಾರವಾಗಿ ಹೇಳೋಕೆ ಕಾರಣ ಇದೆ. ನಮ್ಮ ಗೆಳೆಯರ ಬಳಗದ ಒಂದು ಕಾರಿಗೆ ಕಿತ್ತೂರು ಹತ್ತಿರ ಇದೇ ಆಯಿತು. ಧಾರವಾಡ ಇನ್ನೇನು ಬಂತು ಅಂತ ಎಲ್ಲರೂ ಸೇರಿ ನೀರು ಸುರಿದು ಓಡಿಸಿದೆವು. ಬಂತು. ಒಂದು ವಾರ ಚೆನ್ನಾಗಿಯೇ ಓಡಿತು. ಎರಡನೇ ಸಲ ಲೈಟ್ ಬಂದಾಗ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದವು, ಸೈಲೆನ್ಸರ್‌ನಿಂದ ಬಿಳಿ ಹೊಗೆ. ಎಂಜಿನ್ ಮೇಲ್ಭಾಗದ ಹೆಡ್ ಇಳಿಸಬೇಕಾಯಿತು. ಲೇಥ್ ಶಾಪಿನವರು ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರು. ಮಧ್ಯದ ಸಿಲಿಂಡರ್‌ಗಳ ಹತ್ತಿರ ಬೆಳಕು ದಾರದ ಹಾಗೆ ಈಚೆಗೆ ಬರುತ್ತಿತ್ತು. ಹೆಡ್ ಬೆಂಡ್. ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್, ಲೇಥ್ ಕೆಲಸ, ಮೇಲೆ ಬಿಚ್ಚಿ ಜೋಡಿಸೋ ಕೂಲಿ. ಪಂಪ್ ಖರ್ಚಿನ ಎಷ್ಟೋ ಪಟ್ಟು ಹೋಯಿತು, ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿತು. ಕೆಂಪು ಲೈಟ್ ಬಂದ ಜಾಗದಿಂದ ಕಾರನ್ನು ಮೇಲೆ ಹೇರಿಕೊಂಡು ಹೋಗೋ ಫ್ಲಾಟ್‌ಬೆಡ್ ಲಾರಿಯಲ್ಲೇ ತರಬೇಕು. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಇರೋದರಿಂದ ಹಗ್ಗ ಕಟ್ಟಿ ಎಳೆಸುವುದೂ ಬೇಡ.

ಪಂಪ್ ಹಾಕಿಸುವಾಗ ಥರ್ಮೋಸ್ಟಾಟ್ ಕೂಡ ಹೊಸದೇ ಹಾಕಿಸಿ. ಎರಡೂ ಅಕ್ಕಪಕ್ಕ ಇವೆ, ಜಾಗ ಇಕ್ಕಟ್ಟು, ಕೂಲಿ ಎರಡು ಸಲ ಕೊಡೋದು ಯಾಕೆ? ಪಂಪ್ ಹಿಡಿದಿರುವ ಬೋಲ್ಟ್‌ಗಳು ಅಲ್ಯೂಮಿನಿಯಂ. ಬಿಚ್ಚಿದವನ್ನು ಮತ್ತೆ ಹಾಕಬಾರದು, ತಲೆ ಮುರಿದು ಒಳಗೇ ಉಳಿಯುತ್ತದೆ. ಪಂಪ್ ಪಿಯರ್‌ಬರ್ಗ್ ಕಂಪನಿಯದೇ ತನ್ನಿ, ಬಿಎಂಡಬ್ಲ್ಯೂ ಫಿಟ್ಟಿಂಗೂ ಅದೇ. ಆನ್‌ಲೈನಿನಲ್ಲಿ ಅರ್ಧ ರೇಟಿಗೆ ಸಿಗೋ ಹೆಸರಿಲ್ಲದ ಪಂಪ್ ನಾನಂತೂ ಮುಟ್ಟಲ್ಲ. ಗುಜರಿಯಿಂದ ತೆಗೆದ ಹಳೆಯ ಪಂಪ್ ಕೂಡ ಬೇಡ, ಅದು ಎಷ್ಟು ಓಡಿದೆ ಅಂತ ಯಾರಿಗೆ ಗೊತ್ತು. ಆರ್ಡರ್ ಕೊಡುವಾಗ ಚಾಸಿ ನಂಬರಿನ ಕೊನೆಯ 7 ಅಕ್ಷರ ಕೊಡಿ, ಇಲ್ಲದಿದ್ದರೆ ಬೇರೆ ಮಾಡೆಲ್‌ದು ಬರುತ್ತದೆ. ಶೋರೂಮ್ ಬಿಟ್ಟು ಹೊರಗಡೆ ಮಾಡಿಸಿದರೂ ಪಂಪ್, ಥರ್ಮೋಸ್ಟಾಟ್, ಕೂಲಂಟ್ (ಎಂಜಿನ್ ತಣಿಸುವ ದ್ರವ), ಕೂಲಿ ಎಲ್ಲ ಸೇರಿ ಅರ್ಧ ಲಕ್ಷ ದಾಟುತ್ತದೆ ಅಂತಲೇ ದುಡ್ಡು ಹೊಂದಿಸಿಕೊಳ್ಳಿ. ರೇಟು ಹೆಚ್ಚುಕಮ್ಮಿ ಆಗುತ್ತಿರುತ್ತದೆ, ಬೆಂಗಳೂರಿನಲ್ಲಿ ಎರಡು ಕಡೆ ವಿಚಾರಿಸಿ.

ಈಗ ಮುಖ್ಯ ವಿಷಯ, ಕೂಲಂಟ್ ಪೈಪುಗಳಲ್ಲಿ ಸಿಕ್ಕಿಕೊಂಡ ಏರ್ ತೆಗೆಯೋದು. ಹೊಸ ಪಂಪ್ ಹಾಕಿಯೂ ಮತ್ತೆ ಬಿಸಿ ಆಯಿತು ಅನ್ನುವವರಲ್ಲಿ ಬಹಳ ಜನ ಇಲ್ಲೇ ತಪ್ಪಿರುತ್ತಾರೆ. ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಡುವ ಪದ್ಧತಿ ಇದಕ್ಕೆ ನಡೆಯಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ. ಬ್ಯಾಟರಿ ಡಿಕ್ಕಿಯಲ್ಲಿದೆ, ಆದರೆ ಬಾನೆಟ್ ಕೆಳಗಿನ ಟರ್ಮಿನಲ್‌ಗೆ ಕೊಟ್ಟರೆ ಸಾಕು. ಕೂಲಂಟ್ ತುಂಬಿ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ. ಬ್ರೇಕ್ ಒತ್ತಬೇಡಿ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಅತಿ ಕಡಿಮೆಗೆ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತಳ ಮುಟ್ಟೋ ಹಾಗೆ 10 ಸೆಕೆಂಡ್ ಒತ್ತಿ ಬಿಡಿ. ಪಂಪ್ ತಾನೇ ಶುರುವಾಗುತ್ತದೆ, ಸುಮಾರು 12 ನಿಮಿಷ ಓಡುತ್ತದೆ. ಬಾನೆಟ್ ಹತ್ತಿರ ಕಿವಿ ಕೊಡಿ: ಗುಂಯ್ ಅನ್ನೋ ಸದ್ದು ಏರುತ್ತದೆ, ಇಳಿಯುತ್ತದೆ, ಮಧ್ಯೆ ಗಾಳಿ ಸಿಕ್ಕಾಗ ಗೊಳಗೊಳ ಅನ್ನುತ್ತದೆ. ಕೊನೆಗೆ ಸದ್ದು ಒಂದೇ ಸಮ ಆಗಬೇಕು. ಅದು ನಿಂತ ಮೇಲೆ ಲೆವೆಲ್ ನೋಡಿ ತುಂಬಿ, ಇಳಿದಿದ್ದರೆ ಮತ್ತೊಮ್ಮೆ ಮಾಡಿ. ಗಡಿಬಿಡಿ ಮಾಡಬೇಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಮಾತ್ರ ಕೈ ಹಾಕಲೇಬೇಡಿ, ಮೈ ಸುಟ್ಟುಕೊಳ್ಳುತ್ತೀರಿ.

ಕೂಲಂಟ್ ನೀಲಿ ಬಣ್ಣದ ಜಿ48, ಅರ್ಧಕ್ಕೆ ಅರ್ಧ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ, ಎಷ್ಟು ಮಹಾ ದುಡ್ಡು? ನಮ್ಮ ಕಡೆ ಬೋರ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ನೀವು ಸುರಿದಿರುವ ಬಾಟಲಿ ನೀರನ್ನೂ ಪೂರ್ತಿ ತೆಗೆಸಿಬಿಡಿ.

ರೇಡಿಯೇಟರ್ ಮುಂದಿನ ಧೂಳೂ ನೋಡಿಸಿ. ನವಲಗುಂದ, ಗದಗ ಕಡೆ ಓಡಾಡುವ ಕಾರಿಗೆ ಎರೆ ಮಣ್ಣಿನ ಧೂಳು, ಹತ್ತಿಯ ಎಳೆ, ಹುಳ ಎಲ್ಲ ಸೇರಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ಸ್ವಚ್ಛ ಕಾಣುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿಸಿ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚುತ್ತವೆ.

ಕಾರು ಮೇಲೆತ್ತಿದಾಗಲೇ ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ನೋಡಿಸಿ. ಅಗ್ಗದ ರಬ್ಬರು, ಆದರೆ ಸೋರಿದರೆ ಆಯಿಲ್ ನೇರ ಬೆಲ್ಟ್ ಮೇಲೆ ಬೀಳುತ್ತದೆ. ಬೆಲ್ಟ್ ಹರಿದು ಕ್ರ್ಯಾಂಕ್ ಸೀಲ್ ಒಳಗೆ ಎಳೆದುಕೊಂಡು ಹೋದರೆ ದೊಡ್ಡ ಖರ್ಚು. ಆಯಿಲ್ 6.5 ಲೀಟರ್ ಹಿಡಿಯುತ್ತದೆ, ಎಲ್ಎಲ್-01 (ಬಿಎಂಡಬ್ಲ್ಯೂ ಒಪ್ಪಿಗೆಯ ಗುರುತು) ಅಂತ ಡಬ್ಬಿ ಮೇಲೆ ಇರಲೇಬೇಕು. ಕಾರಿನ ಕಂಪ್ಯೂಟರ್ ಹೇಳೋ ತನಕ ಕಾಯಬೇಡಿ, 8-10 ಸಾವಿರ ಕಿಲೋಮೀಟರಿಗೆ ಬದಲಿಸಿ.

ಬೆಳಗ್ಗೆ ಸ್ಟಾರ್ಟ್ ಆಗೋಕೆ ತಡ ಮಾಡುತ್ತದೆ ಅಂತಲೂ ಬರೆದಿದ್ದೀರಿ. ಅದು ಹೈ ಪ್ರೆಷರ್ ಫ್ಯೂಯೆಲ್ ಪಂಪ್ ಇರಬಹುದು. ಇದೇ ಪಂಪಿಗಾಗಿ 2010ರಲ್ಲಿ ಅಮೆರಿಕದಲ್ಲಿ ಕಂಪನಿಯೇ ರೀಕಾಲ್ ಮಾಡಿತ್ತು. ಇಂಜೆಕ್ಟರ್ ಕೂಡ ಇರಬಹುದು. ಸುಮ್ನೆ ಆರೂ ಇಂಜೆಕ್ಟರ್ ಬದಲಿಸಿ ಅಂದರೆ ಒಪ್ಪಬೇಡಿ, ಮೊದಲು ಫ್ಯೂಯೆಲ್ ಪ್ರೆಷರ್ ರೀಡಿಂಗ್ ಕೇಳಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ನಂಬರ್ ಕಾರಿಗೆ ಕೋಡಿಂಗ್ ಆಗಬೇಕು. ಬ್ಯಾಟರಿ ಬದಲಿಸಿದರೂ ಕಾರಿನ ಕಂಪ್ಯೂಟರಿನಲ್ಲಿ ರಿಜಿಸ್ಟರ್ ಮಾಡಿಸಬೇಕು. ಇದು ಗೊತ್ತಿಲ್ಲದ ಗ್ಯಾರೇಜಿಗೆ ಕಾರು ಬಿಡಬೇಡಿ.

ಸ್ಕ್ಯಾನ್ ಆದ ಮೇಲೆ ಕೋಡ್ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಪಂಪಿನ ಹೊಸ ಬೋಲ್ಟ್ ಸೆಟ್ ಒಂದು ನನ್ನ ಹತ್ತಿರ ಹೆಚ್ಚಿಗೆ ಇದೆ. ಬೇಕಾದರೆ ಮೆಸೇಜ್ ಮಾಡಿ, ಉಣಕಲ್ ಕಡೆ ಬಂದು ತೆಗೆದುಕೊಂಡು ಹೋಗಿ.